ಅತ್ತೆಯ ಗೊರಸು

ಸೆಪ್ಟೆಂಬರ್ ೩, ಮಂಗಳವಾರ

ಅಕ್ಕನ ಮನೆಗೆ ಬಂದು ಸೇರಿದೆ. ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರೆ ನಾಲ್ಕು ಜನಕ್ಕೆ ಹೇಳಿಕೊಳ್ಳಲಾದರೂ ಚೆನ್ನಾಗಿರುತ್ತಿತ್ತು. ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದಿದ್ದಾಳೆ. ಆಸ್ಪತ್ರೆಯವರು ಒಳಗೆ ರಾಡು ಹಾಕಿ ಮನೆಗೆ ಕಳಿಸಿದ್ದಾರೆ. ಮಲಗಿದಲ್ಲಿಂದಲೇ ದರ್ಬಾರು ನಡೆಸುತ್ತಿದ್ದಾಳೆ. "ಚಪ್ಪಲಿ ಅಲ್ಲಿ ಬಿಡ್ಬೇಡ. ಗಿಡಕ್ಕೆ ನೀರು ಹಾಕಿದ್ಯಾ? ಅತ್ತೆಗೆ ಹುಲ್ಲು ಹಾಕು."

ಅತ್ತೆ ಎಂದರೆ ಕುದುರೆ. ಭಾವ ಬದುಕಿದ್ದಾಗ ತಂದದ್ದು. ಬಂದ ದಿನವೇ ಅಕ್ಕನ ತೋಳು ಕಚ್ಚಿ, ಅವಳು ಹಾಕಿದ ಹುಲ್ಲಿಗೆ ಮೂಗು ಮುರಿಯಿತಂತೆ. "ನಮ್ಮತ್ತೆ ಹೋದ್ಮೇಲೆ ನನ್ನ ಕೆಲಸಕ್ಕೆ ಹೀಗೆ ಮುಖ ಸಿಂಡರಿಸಿದವಳು ಇವಳೊಬ್ಬಳೇ" ಎಂದಳಂತೆ ಅಕ್ಕ. ಹೆಸರು ನಿಂತುಬಿಟ್ಟಿತು. ಅಕ್ಕ ಹೂಗಿಡ ಬೆಳೆಸಿ ಮಾರುತ್ತಾಳೆ. ಮೇಲಿನ ಬೀದಿಗಳು ಕಡಿದಾಗಿವೆ, ಇಕ್ಕಟ್ಟು ಬೇರೆ, ಲಾರಿ ಹತ್ತುವುದಿಲ್ಲ. ಕುಂಡಗಳನ್ನು ಮನೆಮನೆಗೆ ಮುಟ್ಟಿಸುವುದು ಅತ್ತೆ ಎಳೆಯುವ ಸಣ್ಣ ಗಾಡಿ.

ನಾನು ಬಟ್ಟೆ ಹೊಲಿದು ಬದುಕುವವಳು. ಕುದುರೆ ಕಂಡರೆ ಮೊದಲಿನಿಂದಲೂ ಭಯ. ಹುಲ್ಲನ್ನು ಬಾಗಿಲಾಚೆಯಿಂದಲೇ ಎಸೆದೆ. ಅದು ಹುಲ್ಲನ್ನು ನೋಡಿ, ಆಮೇಲೆ ನನ್ನನ್ನು ನೋಡಿತು. ಮದುವೆಯಾಗದೆ ಉಳಿದರೂ ಇಷ್ಟು ವರ್ಷಗಳ ಮೇಲೆ ನನಗೂ ಒಬ್ಬಳು ಅತ್ತೆ ಸಿಕ್ಕಳು.

ಅಕ್ಕ ಎದ್ದು ಓಡಾಡುವವರೆಗೆ ಇರುತ್ತೇನೆ. ಆಮೇಲೆ ನನ್ನ ಅಂಗಡಿ, ನನ್ನ ಪಾಡು.

ಸೆಪ್ಟೆಂಬರ್ ೬, ಶುಕ್ರವಾರ

ಕುದುರೆಯ ಲಾಳ ಸಡಿಲವಾಗಿದೆ. ನಡೆದರೆ ಟಣ್ ಟಣ್ ಎನ್ನುತ್ತದೆ. ಲಾಳ ಕಟ್ಟಿಸುವ ದಿನ ದಾಟಿ ಬಹಳವಾಯಿತಂತೆ. ಮೊದಲಿನಿಂದ ಕಟ್ಟುತ್ತಿದ್ದ ಮುದುಕಪ್ಪ ಈಗ ಕಣ್ಣು ಮಂಜಾಗಿ ಮಗಳ ಮನೆ ಸೇರಿಕೊಂಡಿದ್ದಾನೆ.

"ಬೇರೆಯವರನ್ನ ಹುಡುಕು. ಆದ್ರೆ ಸಿಕ್ಕವರಿಗೆಲ್ಲ ಬಾ ಅನ್ಬೇಡ. ಅವರು ಲಾಳ ಕಟ್ಟಿದ ಕುದುರೆ ಒಂದೆರಡು ನೋಡ್ಕೊಂಡು ಬಾ" ಎಂದಳು ಅಕ್ಕ.

ಕುದುರೆಯ ಕಾಲು ನೋಡಿ ನನಗೇನು ತಿಳಿಯಬೇಕು? ಹಿಂಡಿ ಅಂಗಡಿಯವರು ಕೊಟ್ಟ ನಂಬರುಗಳಿಗೆಲ್ಲ ಫೋನು ಮಾಡಿದೆ. ಒಬ್ಬರು ಎತ್ತಲಿಲ್ಲ, ಒಬ್ಬರು ಮುಂದಿನ ತಿಂಗಳು ಎಂದರು, ಒಬ್ಬರು ಮಾತ್ರ ಸೋಮವಾರವೇ ಬರುತ್ತೇನೆ ಎಂದರು. ಯಾರು ಬೇಗ ಬರುತ್ತಾರೋ ಅವರೇ ಒಳ್ಳೆಯವರು.

ಸೆಪ್ಟೆಂಬರ್ ೯, ಸೋಮವಾರ

ಬಂದು ಹೋದರು. ಅಂಗಡಿಯವರು ಅವರನ್ನು ಮಿಂಚು ಎಂದು ಕರೆಯುವುದು ಸುಮ್ಮನೆ ಅಲ್ಲ. ಚಹಾ ಆರುವುದರೊಳಗೆ ಎರಡು ಕಾಲು ಮುಗಿದಿದ್ದವು. ಕುದುರೆಯನ್ನು ನಡೆಸಿ ನೋಡಲಿಲ್ಲ, ಏನೂ ಕೇಳಲಿಲ್ಲ. ಫೋನಿನಲ್ಲಿ ಇನ್ನಾರಿಗೋ ದಾರಿ ಹೇಳುತ್ತಲೇ ಮೊಳೆ ಹೊಡೆದರು. ಲಾಳ ಗೊರಸಿಗಿಂತ ಚಿಕ್ಕದಾಗಿತ್ತು. ಹೊರಗೆ ಉಳಿದ ಗೊರಸಿನಂಚನ್ನು ಅರದಿಂದ ಉಜ್ಜಿ ಉಜ್ಜಿ ಲಾಳದ ಅಳತೆಗೆ ತಂದರು. ರವಿಕೆ ಬಿಗಿಯಾಯಿತೆಂದು ಮೈ ಕೆತ್ತಿದ ಹಾಗಾಯಿತಲ್ಲ ಎಂದುಕೊಂಡೆ. ಅವರವರ ಕಸುಬು ಅವರವರಿಗೆ ಗೊತ್ತು ಎಂದು ಸುಮ್ಮನಾದೆ.

ಮುಂದಿನ ಎಡಗಾಲಿಗೆ ಕೊನೆಯ ಮೊಳೆ ಹೊಡೆಯುವಾಗ ಕುದುರೆ ಕಾಲು ಕಿತ್ತುಕೊಂಡಿತು. "ನಾಟಕ" ಎಂದರು.

ಅಕ್ಕ ಕೇಳಿದಳು. ಚೆನ್ನಾಗಿ ಕಟ್ಟಿದರು ಎಂದೆ.

ಸೆಪ್ಟೆಂಬರ್ ೧೧, ಬುಧವಾರ

ಎಡಗಾಲು ಊರುತ್ತಿಲ್ಲ. ಫೋನು ಮಾಡಿದರೆ "ಹೊಸ ಚಪ್ಪಲಿ ಕಚ್ಚಲ್ವಾ ಅಮ್ಮ, ಹಾಗೇ ಇದೂ" ಎಂದರು. ಮಧ್ಯಾಹ್ನ ಮತ್ತೆ ಮಾಡಿದೆ. ಎತ್ತಲಿಲ್ಲ. ಸಂಜೆಯೂ ಇಲ್ಲ.

ಅಕ್ಕನಿಗೆ ಹೇಳಿಲ್ಲ. ಅವಳಿಗೆ ಅವಳ ನೋವೇ ಸಾಕು.

ಸೆಪ್ಟೆಂಬರ್ ೧೨, ಗುರುವಾರ

ಬೆಳಗ್ಗೆ ಹಗ್ಗದ ತುದಿ ಹಿಡಿದು, ಆದಷ್ಟು ದೂರದಲ್ಲೇ ನಡೆಯುತ್ತಾ, ಕಲ್ಲು ಹಾಸಿದ ಅಂಗಳ ದಾಟಿಸಿ ನೀರಿಗೆ ಕರೆದೊಯ್ದೆ. ಒಳಗೆ ಬಂದರೆ ಅಕ್ಕ ಗೋಡೆ ನೋಡುತ್ತಾ ಮಲಗಿದ್ದಳು.

"ಮೂರು ಕಾಲಿನ ಸದ್ದೇ ಕೇಳ್ತಿದೆಯಲ್ಲೇ. ಇನ್ನೊಂದು ಏನಾಯ್ತು?"

ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಡಾಕ್ಟರ ನಂಬರು ಹೇಳಿ ಕಣ್ಣು ಮುಚ್ಚಿಕೊಂಡಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಪಶುವೈದ್ಯೆ ಹತ್ತು ಗಂಟೆಯ ಹೊತ್ತಿಗೆ ಬಂದರು. ಲಾಳ ಕಿತ್ತು, ಗೊರಸಿನಡಿ ಒಂದಿಷ್ಟು ಕೆರೆದದ್ದೇ ತಡ, ಕಪ್ಪಗೆ ಕೀವು ಬಂತು. ಮೊಳೆ ಒಳಗಿನ ಜೀವದ ಭಾಗಕ್ಕೆ ತಾಗಿದೆ ಎಂದರು. ಬೆಳಗ್ಗೆ ಸಂಜೆ ಉಪ್ಪಿನ ಬಿಸಿನೀರಿನಲ್ಲಿ ಕಾಲು ನೆನೆಸಬೇಕು, ತೌಡಿನ ಪಟ್ಟು ಹಾಕಬೇಕು, ಬಟ್ಟೆ ಕಟ್ಟಿ ಒಣನೆಲದಲ್ಲಿ ನಿಲ್ಲಿಸಬೇಕು. ಇಂಜೆಕ್ಷನ್ ಅವರೇ ಬಂದು ಕೊಡುತ್ತಾರೆ.

"ಕೀವು ಮೂಳೆಗಿಳಿದ್ರೆ?" ಎಂದು ಕೇಳಿದೆ.

"ಇಳಿಯದ ಹಾಗೆ ನೋಡ್ಕೊಳ್ಳಿ. ಇಳಿದ್ರೆ ನಾವು ಆಡೋ ಮಾತೇ ಬೇರೆ ಆಗತ್ತೆ." ಆಮೇಲೆ ಸುತ್ತ ನೋಡಿ ಕೇಳಿದರು, "ಇದನ್ನೆಲ್ಲ ಮಾಡೋರು ಯಾರು?"

ಅಂಗಳದಲ್ಲಿದ್ದದ್ದು ಕುದುರೆ, ಹೂವಿನ ಕುಂಡಗಳು ಮತ್ತು ನಾನು. ಅವರು ನನ್ನ ಕೈ ಹಿಡಿದು ಗೊರಸಿನ ಮೇಲಿಟ್ಟರು, ಮೊದಲು ನೋವಿಲ್ಲದ ಕಾಲಿನದು, ಆಮೇಲೆ ಎಡಗಾಲಿನದು. ಎರಡನೆಯದು ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು.

ಅಕ್ಕನಿಗೆ ವರದಿ ಒಪ್ಪಿಸಿದೆ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಮನೇಲಿ ಅತ್ತೆಗೂ ಒಂದು ಕಾಲಿಲ್ಲ, ಸೊಸೆಗೂ ಒಂದು ಕಾಲಿಲ್ಲ" ಎಂದು ನಗಲು ಶುರುಮಾಡಿದಳು. ನಕ್ಕರೆ ಸೊಂಟ ನೋಯುತ್ತದೆ ಅವಳಿಗೆ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಇರಬೇಕು.

ಸೆಪ್ಟೆಂಬರ್ ೧೫, ಭಾನುವಾರ

ಬಕೆಟಿನಲ್ಲಿ ಕಾಲಿಡಿಸುವುದು ನಾನು ತಿಳಿದಷ್ಟು ಸುಲಭವಲ್ಲ. ಇಡುತ್ತದೆ, ನನ್ನ ಮೈಮೇಲೆಲ್ಲ ನೀರು ಚೆಲ್ಲಿ ತೆಗೆಯುತ್ತದೆ. ಮೊದಲ ದಿನ ಒದ್ದೀತೆಂದು ನಾನು ಬಕೆಟಿನ ಜೊತೆಗೇ ಹಿಂದೆ ಹಾರಿದೆ. ಈಗ ಹಾರಲು ಪುರುಸೊತ್ತಿಲ್ಲ, ನೀರು ಆರಿಹೋಗುತ್ತದೆ.

ಕಟ್ಟಿದ ಬಟ್ಟೆ ಜಾರಿ ಪಟ್ಟೆಲ್ಲ ಉದುರುತ್ತಿತ್ತು. ಇವತ್ತು ಟೇಪು ತಂದು ಗೊರಸಿನ ಅಳತೆ ತೆಗೆದೆ. ಹಳೆಯ ಕ್ಯಾನ್ವಾಸ್ ಚೀಲ ಕತ್ತರಿಸಿ, ಅಡಿಗೆ ಮೂರು ಪದರ ಕೊಟ್ಟು, ಮೇಲೆ ಲಾಡಿ ಹಾಕಿ ಒಂದು ಚೀಲ ಹೊಲಿದೆ. ಮೊದಲ ಸಲಕ್ಕೇ ಸರಿಹೊಂದಿತು. ಅಳತೆ ಕೊಡುವಾಗ ಅಲ್ಲಾಡದೆ ನಿಲ್ಲುವ ಗಿರಾಕಿ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಗೊರಸು ಇನ್ನೂ ಸುಡುತ್ತಿದೆ. ಮೇವು ಮುಟ್ಟಿಲ್ಲ. ಅಕ್ಕ ಕೇಳಿದಳು. ಈ ಸಲ ನಿಜ ಹೇಳಿದೆ. ತಟ್ಟೆಯಲ್ಲಿದ್ದದ್ದನ್ನು ಇಬ್ಬರೂ ಹಾಗೇ ಬಿಟ್ಟೆವು.

ಸೆಪ್ಟೆಂಬರ್ ೨೦, ಶುಕ್ರವಾರ

ನಿನ್ನೆ ಚೀಲ ಬಿಚ್ಚಿದಾಗ ಕೀವೆಲ್ಲ ಇಳಿದು ಪಟ್ಟಿನಲ್ಲಿತ್ತು. ಅಂಥ ನಾತವನ್ನು ಇಷ್ಟು ಸಂತೋಷದಿಂದ ಯಾರೂ ಮೂಸಿರಲಾರರು. ಇವತ್ತು ಕಾಲು ಊರಿದಳು. ಕ್ಯಾರೆಟ್ ತಿಂದಳು, ಬಟ್ಟೆಗೆ ಗುರುತು ಹಾಕಲು ನಾನು ಜೇಬಿನಲ್ಲಿಟ್ಟುಕೊಳ್ಳುವ ಬಳಪವನ್ನೂ ತಿಂದಳು.

ಡಾಕ್ಟರಿಗೆ ಸಮಾಧಾನವಾಗಿದೆ. "ಇನ್ನು ಒಳ್ಳೇ ಲಾಳದವರು ಬೇಕು. ಔಷಧಿ ನನ್ನದು, ಆದ್ರೆ ಇವಳು ನಡೆಯೋದು ಅವರ ಕೈಲಿದೆ" ಎಂದು ಎರಡು ಹೆಸರು ಹೇಳಿದರು. ಈ ಸಲ ಕೆಲಸ ನೋಡದೆ ಯಾರನ್ನೂ ಕರೆಯುವುದಿಲ್ಲ.

ಸೆಪ್ಟೆಂಬರ್ ೨೩, ಸೋಮವಾರ

ಸವಾರಿ ಶಾಲೆಗೆ ಹೋಗಿದ್ದೆ. ಅಲ್ಲಿಯ ಲಾಳದವರಿಗೆ ದೊಡ್ಡ ಹೆಸರು. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಕೈ ನಿಜಕ್ಕೂ ಚೆನ್ನಾಗಿದೆ. ಅವರು ಕಟ್ಟಿದ ಕುದುರೆಗಳ ಕಾಲನ್ನು ಬಗ್ಗಿ ನೋಡಿದೆ. ಮೊಳೆಯ ತುದಿಗಳೆಲ್ಲ ಒಂದೇ ಸಾಲಿನಲ್ಲಿ, ಒಳ್ಳೆಯ ಅಂಚುಹೊಲಿಗೆಯ ಹಾಗೆ. ಇವರೇ ಸರಿ ಎಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡೆ.

ಅಷ್ಟರಲ್ಲಿ ಒಂದು ಎಳೆಯ ಕುದುರೆ ಕಾಲು ಎಳೆದುಕೊಂಡಿತು. ಉಸ್ತಾದರು ಕೈಲಿದ್ದ ಅರದಿಂದ ಅದರ ಹೊಟ್ಟೆಗೆ ಬಾರಿಸಿದರು. ಸಿಟ್ಟಿನಿಂದಲ್ಲ, ಅಭ್ಯಾಸದಿಂದ. ಸುತ್ತಲಿದ್ದ ಯಾರೂ ತಲೆಯೆತ್ತಲಿಲ್ಲ. ಆ ಕುದುರೆ ಆಮೇಲೆ ಅಲ್ಲಾಡಲಿಲ್ಲ ನಿಜ, ಆದರೆ ಮೈಯೆಲ್ಲ ಬೆವರಿತ್ತು.

ಸೆಪ್ಟೆಂಬರ್ ೨೫, ಬುಧವಾರ

ಎರಡನೆಯವರು ಹೆಂಗಸು. ನನಗಿಂತ ಸ್ವಲ್ಪ ಚಿಕ್ಕವರು. ಲಾಳದಮ್ಮ ಎನ್ನುತ್ತಾರೆ. ಇವತ್ತು ಹಾಲಿನ ಗಾಡಿಯ ಕುದುರೆಗೆ ಲಾಳ ಕಟ್ಟುತ್ತಿದ್ದರು. ತೊಗಲಿನ ಏಪ್ರನ್, ತೋಳಿನವರೆಗೂ ಸುಟ್ಟ ಕಲೆಗಳು, ಮುಖದಲ್ಲಿ ನಗುವಿನ ಸುಳಿವಿಲ್ಲ.

ಉಪಕರಣ ಮುಟ್ಟುವ ಮೊದಲು ಕುದುರೆಯನ್ನು ಗಟ್ಟಿನೆಲದ ಮೇಲೂ ಮಣ್ಣಿನ ಮೇಲೂ ನಡೆಸಿದರು. ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. ಎಡವುತ್ತದಾ, ಎಷ್ಟು ಭಾರ ಎಳೆಯುತ್ತದೆ, ಯಾವ ದಾರಿ ಎಂದೆಲ್ಲ ಹಾಲಿನವರನ್ನು ಕೇಳಿದರು. ಆಮೇಲೆ ಲಾಳವನ್ನು ಗೊರಸಿಗೆ ಹಿಡಿದು ನೋಡಿ, ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ಬಡಿದು, ಮತ್ತೆ ಹಿಡಿದು ನೋಡಿ, ಮತ್ತೆ ಬಡಿದರು. ಬದಲಾಗುತ್ತಿದ್ದದ್ದು ಲಾಳ, ಗೊರಸಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಅಲ್ಲಿಯೂ ಕುದುರೆ ಕಾಲೆಳೆದುಕೊಂಡಿತು. ಅವರು ಕಾಲನ್ನು ಕೆಳಗಿಟ್ಟು, ನೆಟ್ಟಗೆ ನಿಂತು, "ಸೊಂಟ ಹಿಡ್ಕೊಳ್ತಾ? ನಂದೂ ಹಿಡ್ಕೊಂಡಿದೆ, ಇರು" ಎಂದು ಅದರ ಜೊತೆ ತಾವೂ ಸುಧಾರಿಸಿಕೊಂಡರು. ಮುಗಿದ ಮೇಲೆ ನೆಲ ಗುಡಿಸಿ, ಬಿದ್ದ ಮೊಳೆಗಳನ್ನೆಲ್ಲ ಆಯ್ದು ಡಬ್ಬಿಗೆ ಹಾಕಿದರು.

ನಮ್ಮ ಕಥೆ ಹೇಳಿ, ಮಿಂಚು ಮಾಡಿದ್ದು ತಪ್ಪಲ್ಲವಾ ಎಂದೆ. ನನಗೆ ಯಾರಾದರೂ ಹೌದು ಎನ್ನಬೇಕಿತ್ತು.

"ಬೇರೆಯವರ ಕೆಲಸದ ಮಾತು ನಾನಾಡಲ್ಲ. ಗೊರಸು ಈಗ ಹೇಗಿದೆ, ಅದನ್ನ ಹೇಳಿ."

ಸೆಪ್ಟೆಂಬರ್ ೨೭, ಶುಕ್ರವಾರ

ಅಕ್ಕನ ಜೊತೆ ಜಗಳ. ಅವಳಿಗೆ ಉಸ್ತಾದರೇ ಬೇಕು.

"ಅಷ್ಟು ದೊಡ್ಡ ಹೆಸರು ಸುಮ್ನೆ ಬರತ್ತಾ? ಕೈ ಚೆನ್ನಾಗಿದ್ರೆ ಸಾಕು, ಗುಣ ಕಟ್ಕೊಂಡು ನಮಗೇನು?"

"ಅರದಿಂದ ಹೊಟ್ಟೆಗೆ ಹೊಡೆದ್ರು ಅಕ್ಕ."

"ಒಂದೇಟು ತಾನೇ."

"ಈಗಷ್ಟೇ ಕಾಲೂರಿದಾಳೆ. ಮೊಳೆ ಅಂದ್ರೆ ಹೆದರ್ತಾಳೆ. ಅವಳು ಕಾಲು ಎಳ್ಕೊಂಡೇ ಎಳ್ಕೊಳ್ತಾಳೆ. ಆಗ?"

"ಅತ್ತೆ ನನ್ನ ಕುದುರೆ."

"ಹೌದು. ಆದ್ರೆ ಕಾಲು ಈಗ ನನ್ನ ಕೈಲಿದೆ."

ಚಿಕ್ಕಂದಿನಿಂದ ಅಕ್ಕನಿಗೆ ಎದುರು ಮಾತಾಡಿದವಳಲ್ಲ ನಾನು. ಬಾಯಿಂದ ಬಂದಮೇಲೆ ನನಗೇ ಗಾಬರಿಯಾಯಿತು. ಅವಳು ಮುಖ ತಿರುಗಿಸಿಕೊಂಡಳು. ಸಂಜೆ ಔಷಧಿ ಕೊಡಲು ಹೋದಾಗ ಲೋಟ ತೆಗೆದುಕೊಳ್ಳುತ್ತಾ ಅಂದಳು, "ಕರಿ, ಆ ಹೆಂಗಸನ್ನೇ."

ಅಕ್ಟೋಬರ್ ೧, ಮಂಗಳವಾರ

ಲಾಳದಮ್ಮ ಬಂದರು, ಆದರೆ ಲಾಳ ಕಟ್ಟಲಿಲ್ಲ.

ಉಳಿದ ಮೂರು ಲಾಳಗಳನ್ನು ಮೆತ್ತಗೆ ಬಿಚ್ಚಿದರು. ಗೊರಸಿನ ಮುಂಭಾಗ ಉದ್ದವಾಗಿ ಬೆಳೆದದ್ದನ್ನು ಸ್ವಲ್ಪವೇ ಸ್ವಲ್ಪ ಕತ್ತರಿಸಿದರು. ಇದು ಇವತ್ತು ನಿನ್ನೆಯದಲ್ಲ, ವರ್ಷಗಳಿಂದ ಹೀಗೆ ಬೆಳೆದಿದೆ, ಒಂದೇ ಸಲ ಸರಿಮಾಡಲು ಹೋದರೆ ಅವಳಿಗೇ ಕಷ್ಟ, ಸಲಸಲಕ್ಕೆ ಸರಿಮಾಡೋಣ ಎಂದರು. ವರ್ಷಗಳಿಂದ ಎಂದರೆ ಮುದುಕಪ್ಪನ ಕಾಲದಿಂದ. ಅಷ್ಟು ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಆ ಮುದುಕನ ಮೇಲೆ ಅವಳಿಗೆ ಪ್ರೀತಿ.

"ಎಡಗಾಲಿಗೆ ಯಾವಾಗ?" ಎಂದೆ.

"ಡಾಕ್ಟರ್ ಒಪ್ಪಿದ ಮೇಲೆ. ಗಾಯ ನೋಡೋದು ಅವರ ಕೆಲಸ. ನಾನು ಡಾಕ್ಟರಲ್ಲ." ಆಮೇಲೆ ಮುಖ ನೋಡದೆ, ಕತ್ತಿ ಒರೆಸುತ್ತಾ ಹೇಳಿದರು, "ಹೇಳಿದ ದಿನ ಬರ್ತೀನಿ. ಬರೋಕಾಗ್ದಿದ್ರೆ ಹಿಂದಿನ ದಿನವೇ ತಿಳಿಸ್ತೀನಿ. ನಾನು ಕಟ್ಟಿದ್ದು ಕೆಟ್ರೆ ನಾನೇ ಬಂದು ಸರಿಮಾಡ್ತೀನಿ. ನಿಮ್ಮ ಕಡೆಯದು ಏನು ಅಂದ್ರೆ, ನಾನು ಬರೋ ಹೊತ್ತಿಗೆ ಕಾಲು ತೊಳೆದು ಒರೆಸಿರಬೇಕು, ನೆಲ ಒಣಗಿರಬೇಕು, ಬೆಳಕಿರಬೇಕು. ತಲೆ ಹಿಡ್ಕೊಳ್ಳೋಕೆ ಅವಳಿಗೆ ಬೇಕಾದವರು ಇರಬೇಕು. ಆರು ವಾರಕ್ಕೊಂದ್ಸಲ, ತಪ್ಪಿಸಬಾರ್ದು. ಲಾಳ ಅಲ್ಲಾಡಿದ್ರೆ ಅವತ್ತೇ ಫೋನ್ ಮಾಡಿ. ದಿನಾ ಕಾಲೆತ್ತಿ ನೋಡ್ತೀರಾ?"

"ನೋಡ್ತೀನಿ."

"ನೀವೇನು ಕುದುರೆ ಜೊತೇಲೇ ಬೆಳೆದವರಾ?"

ಅಲ್ಲ, ಟೈಲರ್ ಎಂದೆ. ಅವರು ಕ್ಯಾನ್ವಾಸ್ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದು ತಮಗೂ ಎರಡು ಬೇಕು ಎಂದರು.

ಅಕ್ಟೋಬರ್ ೮, ಮಂಗಳವಾರ

ಕೊಟ್ಟಿಗೆಯ ನೆಲ ಎತ್ತರಿಸಿ ಮರಳು ಹಾಕಿಸಿದೆ. ಅಕ್ಕ ಇವತ್ತು ವಾಕರ್ ಹಿಡಿದು ಕಿಟಕಿಯವರೆಗೆ ಬಂದಳು. ಹೊರಗೆ ಅತ್ತೆ, ಒಳಗೆ ಅಕ್ಕ, ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಏನೂ ತೋರಗೊಡಲಿಲ್ಲ. ನಮ್ಮ ಮನೆಯ ಹೆಂಗಸರೆಲ್ಲ ಹೀಗೇ.

ಅಕ್ಟೋಬರ್ ೧೫, ಮಂಗಳವಾರ

ಡಾಕ್ಟರ್ ಒಪ್ಪಿದರು. ಲಾಳದಮ್ಮ ಬಂದರು. ನಾನು ತಲೆ ಹಿಡಿದೆ. ಮೊದಲ ಸುತ್ತಿಗೆ ಪೆಟ್ಟಿಗೆ ಅತ್ತೆಯ ಮೈಯೆಲ್ಲ ಬಿಗಿಯಾಯಿತು. ಲಾಳದಮ್ಮ ನಿಲ್ಲಿಸಿ ಕಾದರು. ನಾನು ಅವಳ ಕಿವಿಯಲ್ಲಿ ಏನೇನೋ ಹೇಳಿದೆ, ತೋಳು ಕೂರಿಸುವುದು ಹೇಗೆ, ಕಾಲರು ತಿರುಗಿಸುವುದು ಹೇಗೆ, ಬಾಯಿಗೆ ಬಂದದ್ದು. ಎಡಗಾಲಿಗೆ ಮೊಳೆ ಹೋಗುವಾಗ ಅವಳು ತಲೆಯ ಭಾರವನ್ನೆಲ್ಲ ನನ್ನ ಹೆಗಲಿಗೆ ಬಿಟ್ಟು ನಿಟ್ಟುಸಿರಿಟ್ಟಳು.

ಅರ್ಧ ದಿನ ಹಿಡಿಯಿತು. ನಡೆಸಿ ನೋಡಿ, ಒಂದು ಮೊಳೆ ಸಮಾಧಾನವಾಗದೆ ಕಿತ್ತು ಬೇರೆ ಹೊಡೆದರು. ಕಡಿದಾದ ಕಲ್ಲುಬೀದಿ ಈ ವರ್ಷ ಬೇಡ, ಗಾಡಿಗೆ ಅರ್ಧವೇ ಭಾರ, ಜೊತೆಗೆ ಯಾರಾದರೂ ನಡೆಯಲಿ, ಕೂರುವುದು ಬೇಡ ಎಂದರು. ಅಕ್ಕನ ವ್ಯಾಪಾರಕ್ಕೆ ಹಿಡಿಸುವ ಮಾತಲ್ಲ ಇದು. ಹಾಗೆಂದು ಅವರು ಸುತ್ತಿಬಳಸಲೂ ಇಲ್ಲ.

ಅಕ್ಟೋಬರ್ ೨೦, ಭಾನುವಾರ

ಇವತ್ತು ಒಬ್ಬರು ಬಂದಿದ್ದರು. ಊರಾಚೆ ತೋಟ ಇದೆ, ಮಕ್ಕಳಿಗೆ ಸವಾರಿ ಕಲಿಸುತ್ತಾರೆ. ಕುದುರೆ ನೋಡಲು ಅಕ್ಕ ಬರಹೇಳಿದ್ದಳಂತೆ. ನನಗೆ ಒಂದು ಮಾತು ಹೇಳಿರಲಿಲ್ಲ.

ಕೊಳ್ಳುವವರಿಗೆ ಇದ್ದದ್ದನ್ನು ಹೇಳುವುದು ಧರ್ಮ. ಕಚ್ಚುತ್ತಾಳೆ ಎಂದೆ. ಒದೆಯುತ್ತಾಳೆ ಎಂದೆ. ಕೊಡೆ ಕಂಡರೆ ಬೆದರುತ್ತಾಳೆ, ಬಳಪ ತಿನ್ನುತ್ತಾಳೆ, ಮಕ್ಕಳೆಂದರಂತೂ ಆಗುವುದೇ ಇಲ್ಲ ಎಂದೆ. ಇದನ್ನೆಲ್ಲ ಹೇಳುವಷ್ಟು ಹೊತ್ತೂ ಅತ್ತೆ ನನ್ನ ಹೆಗಲ ಮೇಲೆ ಗದ್ದ ಊರಿ, ಅರೆಗಣ್ಣು ಮುಚ್ಚಿ ನಿಂತಿದ್ದಳು. ಅವಳಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ.

"ಕುದುರೆ ಚೆನ್ನಾಗಿದೆ. ಆದ್ರೆ ನೀವು ಕೊಡೋ ಹಾಗೆ ಕಾಣಲ್ಲ" ಎಂದು ನಗುತ್ತಾ ಹೋದರು. ಯಾಕೆ ಹಾಗೆಂದರೋ.

ಅಕ್ಕ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿದ್ದಳು.

"ಅವಳು ಯಾರನ್ನ ಕಚ್ಚಿದ್ಲೇ?"

"ನಿನ್ನ ತೋಳು ಕಚ್ಚಿದ್ಲಲ್ಲ."

"ಅದಾಗಿ ಹನ್ನೊಂದು ವರ್ಷ ಆಯ್ತು." ಕಿಟಕಿಯ ಸರಳು ಹಿಡಿದು ಹೇಳಿದಳು, "ನಾನಿನ್ನು ಲಗಾಮು ಹಿಡಿಯೋ ಹಾಗಿಲ್ಲ ಕಣೇ. ಭಾರ ಎತ್ತೋ ಹಾಗಿಲ್ಲ, ಬಗ್ಗೋ ಹಾಗಿಲ್ಲ. ಆಸ್ಪತ್ರೇಲೇ ಹೇಳಿದ್ರು. ನಿಂಗೆ ನಿನ್ನ ಅಂಗಡಿ ಇದೆ. ನೀನು ಹೋದ್ಮೇಲೆ ಇವಳನ್ನ ನೋಡೋರು ಯಾರು?"

ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದೆ. ಹಾಲು ಉಕ್ಕುತ್ತಿತ್ತು, ಒಳಗೆ ಹೋದೆ.

ನವೆಂಬರ್ ೨, ಶನಿವಾರ

ಅರ್ಧ ಗಾಡಿ ಕುಂಡ ಹೇರಿಕೊಂಡು, ಸಪಾಟು ಬೀದಿಗಳಿಗಷ್ಟೇ ಹೋಗಿಬಂದೆವು. ಗೇಟಿನ ಬಳಿ ಒಬ್ಬ ಅಜ್ಜಿ "ಅಕ್ಕ ಬರಲಿಲ್ವಾ?" ಎಂದರು. "ಇಲ್ಲ, ನಾವಿಬ್ಬರೇ ಬಂದಿದೀವಿ" ಎಂದೆ. ಅವರು ಎರಡನೆಯವರು ಯಾರೆಂದು ಗಾಡಿಯ ಹಿಂದೆಲ್ಲ ಹುಡುಕಿದರು.

ಅಂಗಡಿಯಿಂದ ಸಹಾಯಕಿ ಫೋನು ಮಾಡಿದ್ದಳು. ಶಾಲೆಯ ಸಮವಸ್ತ್ರಗಳನ್ನು ಈ ವರ್ಷ ನೀನೇ ವಹಿಸಿಕೋ ಎಂದೆ. ಇಲ್ಲಿ ಕೆಲಸ ಇನ್ನೂ ಮುಗಿದಿಲ್ಲ.

ನವೆಂಬರ್ ೨೬, ಮಂಗಳವಾರ

ಲಾಳದಮ್ಮ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಅಕ್ಕ ಮೊದಲ ಸಲ ಮೆಟ್ಟಿಲಿಳಿದು ಅಂಗಳಕ್ಕೆ ಬಂದು ಕುರ್ಚಿ ಹಾಕಿಸಿಕೊಂಡು ಕೂತಳು. ಹೊಸಬರ ಕೆಲಸದಲ್ಲಿ ಹುಳುಕು ಹುಡುಕಲೆಂದೇ ಬಂದಿದ್ದಳು, ಮುಖ ನೋಡಿದರೆ ತಿಳಿಯುತ್ತಿತ್ತು. ಮೊದಲ ಕಾಲು ಮುಗಿಯುವ ಹೊತ್ತಿಗೆ ಚಹಾ ತರಿಸಿದಳು. ಕೊನೆಯ ಕಾಲಿಗೆ ಇಬ್ಬರೂ ಸೊಂಟನೋವಿನ ಔಷಧಿಯ ಮಾತಿಗಿಳಿದಿದ್ದರು. ಎಡಗಾಲಿನಲ್ಲಿ ಹೊಸ ಗೊರಸು ಮೇಲಿನಿಂದ ಚೆನ್ನಾಗಿ ಇಳಿಯುತ್ತಿದೆಯಂತೆ. ಪೂರ್ತಿ ಬೆಳೆಯಲು ಇನ್ನೂ ಎಷ್ಟೋ ತಿಂಗಳು ಬೇಕು.

"ಮುಂದಿನ ಸಲ ತಲೆ ಹಿಡ್ಕೊಳ್ಳೋಕೆ ಯಾರಿರ್ತಾರೆ?" ಎಂದು ಹೊರಡುವಾಗ ಕೇಳಿದರು.

ಅಕ್ಕ ನನ್ನನ್ನು ನೋಡಲಿಲ್ಲ. ಲೋಟದೊಳಗೆ ನೋಡುತ್ತಿದ್ದಳು.

"ನಾನೇ ಇರ್ತೀನಿ, ಇನ್ಯಾರಿರ್ತಾರೆ" ಎಂದೆ. ಕೇಳುವಂಥ ಪ್ರಶ್ನೆಯೇ ಅಲ್ಲ ಅದು.

ಅವರು ಹೋದ ಮೇಲೆ ಅತ್ತೆಯನ್ನು ಕೊಟ್ಟಿಗೆಗೆ ಬಿಟ್ಟು, ಅಕ್ಕನ ಚಪ್ಪಲಿ ಸರಿಮಾಡಲೆಂದು ಕೂತೆ. ಆಗ ಕಂಡಿತು. ಅವಳ ಕಾಲುಗುರುಗಳು ಬೆಳೆದು ಬಾಗಿ, ಕಿರುಬೆರಳಿನದು ಪಕ್ಕದ ಬೆರಳಿಗೆ ಒತ್ತಿ ಕೆಂಪಾಗಿತ್ತು. ಬಗ್ಗಲಾಗುವುದಿಲ್ಲ ಅವಳಿಗೆ, ಬಾಯಿಬಿಟ್ಟು ಕೇಳಲು ಸಂಕೋಚ. ದಿನಾ ಬೆಳಗ್ಗೆ ನಾನು ಅಂಗಳದಲ್ಲಿ ಗೊರಸು ತೊಳೆಯುವಾಗ ಇವಳು ಈ ಕಾಲುಗಳನ್ನು ಹೊದಿಕೆಯೊಳಗೆ ಎಳೆದುಕೊಂಡು ಮಲಗಿರುತ್ತಿದ್ದಳು.

"ಹೇಳಬಾರದಿತ್ತಾ ಅಕ್ಕ?"

"ನೀನು ಅತ್ತೆ ಕಾಲಲ್ಲಿ ಬಿಜಿ ಇದ್ದೆ."

ಬಿಸಿನೀರು ತಂದು ನೆನೆಸಿದೆ. ಹೊಲಿಗೆ ಪೆಟ್ಟಿಗೆಯ ಸಣ್ಣ ಕತ್ತರಿ ತಂದು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಹಗುರವಾಗಿತ್ತು. ಅಕ್ಕನ ಕಾಲು ಇಷ್ಟು ಚಿಕ್ಕದೆಂದು ನಾನು ಎಣಿಸಿರಲಿಲ್ಲ.

"ಲಾಳಗೀಳ ಹೊಡೆದುಬಿಟ್ಟೀಯೆ" ಎಂದಳು.

"ಸುಮ್ನೆ ಅಲ್ಲಾಡದೆ ಕೂತ್ಕೋ."

ಅಲ್ಲಾಡದೆ ಕೂತಳು. ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಕೆಂಪಾದಲ್ಲಿ ಮುಲಾಮು ಹಚ್ಚಿ, ಒರೆಸಿ ಕೆಳಗಿಟ್ಟೆ. ನಾನು ಕೇಳುವ ಮೊದಲೇ ಇನ್ನೊಂದು ಕಾಲು ಎತ್ತಿಕೊಟ್ಟಳು.